ಸಹಿ ಮಾಡದವರು

2011ರ ಅಕ್ಟೋಬರ್ ತಿಂಗಳು. ದೀಪಾವಳಿಗೆ ಇನ್ನೆರಡು ವಾರ ಇತ್ತು. ನಮ್ಮ ಅಣ್ಣಿಗೇರಿಯಲ್ಲಿ ಆಗ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಹೇಳಬಲ್ಲವರು ಒಬ್ಬರೂ ಇರಲಿಲ್ಲ. ಮಿಕ್ಸರಿನಲ್ಲಿ ಶೇಂಗಾ ಚಟ್ನಿ ಅರ್ಧ ತಿರುಗಿ ನಿಂತಿತ್ತು. ನಾನು ಮುಚ್ಚಳ ತೆಗೆದು ಚಮಚೆಯಿಂದ ಕೆದರುತ್ತ, ಯಾರನ್ನು ಬೈಯಬೇಕೋ ತಿಳಿಯದೆ ಎಲ್ಲರನ್ನೂ ಬೈಯುತ್ತಿದ್ದೆ. ಅಷ್ಟರಲ್ಲಿ ಬಾಜೂ ಮನೆಯ ವೈನಿ ಸುದ್ದಿ ತಂದರು.

‘ತೆಲಂಗಾಣದಾಗ ಕಲ್ಲಿದ್ದಲ ಗಣಿಯವ್ರು ಸಂಪು ಹೂಡ್ಯಾರಂತ. ರಾಯಚೂರಿಗೆ ಇದ್ದಲಿನ ಬರವಲ್ದಂತ. ಪಗಾರ ತಗೊಂಡು ಆರಾಮ ಇರೂದು ಬಿಟ್ಟು ನಮ್ಮ ಮನಿ ಕತ್ತಲಿ ಮಾಡ್ಯಾರ ನೋಡ್ರಿ.’

ನಾನೂ ‘ಹೌದು ನೋಡ್ರಿ’ ಎಂದೆ. ಪಡಸಾಲೆಯಲ್ಲಿ ಗೋಡೆಗೆ ಆತುಕೊಂಡು ಕೂತಿದ್ದ ಅವ್ವ ಬತ್ತಿ ಹೊಸೆಯುವದನ್ನು ನಿಲ್ಲಿಸಿ ಹೇಳಿದಳು: ‘ಚಟ್ನಿಗೆ ಒಳಕಲ್ಲ ಐತಿ. ಅಲ್ಲೆ ಆ ಹೆಣ್ಮಕ್ಕಳ ಮನ್ಯಾಗ ಒಲಿ ಹೊತ್ತ್ಯಾವೋ ಇಲ್ಲೋ, ಅದನ್ನ ಯಾರರ ಕೇಳೀರೇನು?’

ವೈನಿ ನಕ್ಕರು. ನನಗೆ ನಗು ಬರಲಿಲ್ಲ. ಅವ್ವ ಯಾವ ಒಲೆಯ ಮಾತಾಡುತ್ತಿದ್ದಾಳೆಂದು ನನಗೆ ಗೊತ್ತಿತ್ತು.

ಅದನ್ನು ಹೇಳುವ ಮೊದಲು ಆ ಸುದ್ದಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಾಯಚೂರಿನ ಹತ್ತಿರ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಸಿ ವಿದ್ಯುತ್ ತಯಾರಿಸುವ ಸ್ಥಾವರವಿದೆ. ಅದರ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲು ಇಲ್ಲ. ಹೀಗಾಗಿ ಅಲ್ಲಿಗೆ ಬೇಕಾದ ಇದ್ದಲಿನಲ್ಲಿ ದೊಡ್ಡ ಪಾಲು ಗೋದಾವರಿ ಕಣಿವೆಯ ಸಿಂಗರೇಣಿ ಗಣಿಗಳಿಂದ ಬರುತ್ತದೆ. 2011ರ ಸೆಪ್ಟೆಂಬರ್ 13ರಿಂದ ಆ ಗಣಿಗಳ ಕಾರ್ಮಿಕರು ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ನಡೆದ ದೊಡ್ಡ ಮುಷ್ಕರದಲ್ಲಿ ಸೇರಿದ್ದರು. ಒಂದು ತಿಂಗಳಿಗೂ ಹೆಚ್ಚು ಕಾಲ ಅವರು ಕೆಲಸಕ್ಕೆ ಇಳಿಯಲಿಲ್ಲ. ಅದು ಪಗಾರಕ್ಕಾಗಿ ನಡೆದ ಮುಷ್ಕರವಲ್ಲ. ಆದರೆ ಮುಷ್ಕರ ಯಾವ ಕಾರಣಕ್ಕೇ ನಡೆಯಲಿ, ಮೊದಲು ನಿಲ್ಲುವದು ಪಗಾರವೇ.

ಇದು ನಮ್ಮ ಮನೆಗೆ ಗೊತ್ತಿದ್ದ ಸಂಗತಿ. ಅಪ್ಪ ಗಣಿಯವನಲ್ಲ, ಗಿರಣಿಯವನು. ರೈಲಿನಲ್ಲಿ ದಿನಾ ಹೋಗಿಬರುವಷ್ಟು ದೂರದ ಊರಿನ ಒಂದು ನೂಲಿನ ಗಿರಣಿಯಲ್ಲಿ ಕೆಲಸ. ಅದರ ಹೆಸರೀಗ ಬೇಡ, ಅದು ಮುಚ್ಚಿಯೂ ಬಹಳ ವರ್ಷವಾಯಿತು. ಎಪ್ಪತ್ತರ ದಶಕದ ಕೊನೆಯಲ್ಲಿ, ನಾನು ಐದನೇ ಇಯತ್ತೆಯಲ್ಲಿದ್ದಾಗ, ಆ ಗಿರಣಿಯಲ್ಲಿ ಸಂಪು ಆಯಿತು. ಪಗಾರ ಹೆಚ್ಚಿಸಬೇಕು, ನೂಲಿನ ಧೂಳಿನಿಂದ ಕೆಮ್ಮು ಹತ್ತಿದವರಿಗೆ ಔಷಧಕ್ಕೆ ಕೊಡಬೇಕು ಎಂಬುದು ಬೇಡಿಕೆ. ‘ಎಂಟು ದಿನದಾಗ ಮುಗೀತೈತಿ’ ಎಂದು ಅಪ್ಪ ಹೇಳಿದ. ಮುಗಿದದ್ದು ಎಪ್ಪತ್ತೊಂದನೆಯ ದಿನಕ್ಕೆ.

ಮೊದಲ ಹದಿನೈದು ದಿನ ಮನೆಯಲ್ಲಿ ಏನೂ ಆಗಿಲ್ಲವೆಂಬಂತೆ ಇದ್ದೆವು. ಕಿರಾಣಿ ಅಂಗಡಿಯವರು ಉದ್ರಿ ಕೊಟ್ಟರು. ಆಮೇಲೆ ಅಂಗಡಿಯ ಕಾಕಾ ನನ್ನನ್ನು ನೋಡಿದೊಡನೆ ಬೇರೆ ಗಿರಾಕಿಯ ಜೋಡಿ ಮಾತಿಗೆ ತೊಡಗುತ್ತಿದ್ದರು. ಅವ್ವ ಹಾಲು ಬಿಡಿಸಿದಳು. ನಂತರ ಚಹ ನಿಂತಿತು. ರೊಟ್ಟಿ ಮಾತ್ರ ನಿಲ್ಲಲಿಲ್ಲ. ಜೋಳ ಸೋದರಮಾವನ ಮನೆಯಿಂದ ಬಂದದ್ದು. ಒಲೆಗೆ ಕಟ್ಟಿಗೆ ಕೊಳ್ಳಲು ದುಡ್ಡಿಲ್ಲ. ನಮ್ಮ ರೈಲು ಆಗ ಮೀಟರ್‌ಗೇಜಿನದು, ಉಗಿಬಂಡಿ. ಎಂಜಿನ್ನಿನ ಬೂದಿಯ ಜೋಡಿ ಅರೆಬೆಂದ ಇದ್ದಲಿನ ತುಣುಕುಗಳು ಹಳಿಯ ಬದಿಗೆ ಬೀಳುತ್ತಿದ್ದವು. ಸಂಜೆ ಹೊತ್ತು ಮುಳುಗಿದ ಮೇಲೆ, ಯಾರೂ ನೋಡುವದಿಲ್ಲವೆಂದು ಖಾತ್ರಿ ಮಾಡಿಕೊಂಡು, ಅವ್ವ ನನ್ನನ್ನು ಕರಕೊಂಡು ಹೋಗಿ ಅವನ್ನು ಬುಟ್ಟಿಗೆ ಆರಿಸಿ ತರುತ್ತಿದ್ದಳು. ಶೇಗಡಿಯಲ್ಲಿ ಅದು ಒಳ್ಳೆಯ ಕೆಂಡ ಆಗುತ್ತಿತ್ತು. ಕಲ್ಲಿದ್ದಲನ್ನು ನಾನು ಮೊದಲ ಸಲ ಕೈಯಿಂದ ಮುಟ್ಟಿದ್ದು ಹಾಗೆ.

ಆಮೇಲೆ ಅವ್ವ ಹತ್ತಿ ಬಿಡಿಸಲು ಎರಿ ಹೊಲಕ್ಕೆ ಹೋದಳು. ಮದುವೆಯಾಗಿ ಬಂದ ಮೇಲೆ ಆಕೆ ಕೂಲಿಗೆ ಹೋದವಳಲ್ಲ. ‘ಗಿರಣಿಯವನ ಹೇಂತಿ ಕೂಲಿಗೆ ಬಂದಾಳ’ ಎಂದು ಯಾರೋ ಅಂದರಂತೆ. ಅವ್ವ ಮನೆಗೆ ಬಂದು ಅದನ್ನು ಅಪ್ಪನಿಗೆ ಹೇಳಲಿಲ್ಲ, ನನಗೆ ಹೇಳಿದಳು. ಮುಂದಿನ ವಾರ ಆಕೆಯ ಕೊರಳಲ್ಲಿ ಬೋರಮಾಳ ಇರಲಿಲ್ಲ.

ಎಪ್ಪತ್ತೊಂದನೆಯ ರಾತ್ರಿ ಅಪ್ಪ ಕೊನೆಯ ಗಾಡಿಗೆ ಇಳಿದು ಪೇಡೆಯ ಪುಡಿಕೆ ಹಿಡಿದು ಬಂದ. ರಾಜಿ ಆಗಿತ್ತು. ಮಾಲಕರ ಕಡೆಯವರು, ಯೂನಿಯನ್ನಿನವರು, ಸರಕಾರದ ಕಾರ್ಮಿಕ ಅಧಿಕಾರಿ ಮೂವರ ಸಹಿಯೂ ಬಿದ್ದಿತ್ತು. ಕಂದೀಲಿನ ಬೆಳಕಿನಲ್ಲಿ ಅಪ್ಪ ಒಪ್ಪಂದದ ಕಲಮುಗಳನ್ನು ಒಂದೊಂದಾಗಿ ಓದಿದ. ತಿಂಗಳಿಗೆ 22 ರೂಪಾಯಿ ಹೆಚ್ಚು. ಔಷಧಕ್ಕೆ ವರ್ಷಕ್ಕೆ ಇಷ್ಟು. ಸಂಪಿನ ದಿನಗಳ ಪಗಾರ ಇಲ್ಲ. ಅದರ ಬದಲು ಮುಂಗಡ, ಹತ್ತು ಕಂತಿನಲ್ಲಿ ಮುರಕೊಳ್ಳುವದು. ಯಾರನ್ನೂ ಕೆಲಸದಿಂದ ತೆಗೆಯುವದಿಲ್ಲ.

ಅವ್ವ ಎಲ್ಲ ಕೇಳಿ ಒಂದೇ ಮಾತು ಕೇಳಿದಳು: ‘ಇದರಾಗ ನಂದೇನ ಬರದಾರ?’

ಅಪ್ಪನಿಗೆ ಸಿಟ್ಟು ಬಂತು. ‘ನಿಂದು ನಂದು ಬ್ಯಾರೆ ಐತೇನು?’ ಎಂದ. ಅವ್ವ ಪೇಡೆ ಹಂಚಿದಳು. ಆ ಮಾತು ಅಲ್ಲಿಗೇ ಮುಗಿಯಿತು. ಆದರೆ ನನ್ನ ತಲೆಯಲ್ಲಿ ಅದು ಮುಗಿಯಲಿಲ್ಲ. 2011ರ ಆ ದಿನದಿಂದ ಮುಂದೆ, ಪತ್ರಿಕೆಯಲ್ಲಿ ಗಣಿಯವರ ಪಗಾರದ ಸುದ್ದಿ ಬಂದಾಗಲೆಲ್ಲ ನಾನು ಅವ್ವನ ಕಣ್ಣಿನಿಂದಲೇ ಓದತೊಡಗಿದೆ.

ಓದಿ ತಿಳಿದುಕೊಂಡದ್ದನ್ನು ಹೇಳುತ್ತೇನೆ. ನಮ್ಮ ದೇಶದ ಕಲ್ಲಿದ್ದಲು ಗಣಿಗಳು ಮೊದಲು ಬಹುಮಟ್ಟಿಗೆ ಖಾಸಗಿ ಮಾಲಕರ ಕೈಯಲ್ಲಿದ್ದವು. ಸರಕಾರ ಅವನ್ನು ವಶಕ್ಕೆ ತೆಗೆದುಕೊಂಡದ್ದು 1972 ಮತ್ತು 1973ರಲ್ಲಿ. ಆಮೇಲೆ ಯೂನಿಯನ್ನುಗಳೂ ಕಂಪನಿಗಳೂ ಒಂದೇ ಮೇಜಿಗೆ ಕೂತು ಇಡೀ ಉದ್ಯಮಕ್ಕೆ ಒಂದೇ ವೇತನ ಒಪ್ಪಂದ ಮಾಡಿಕೊಳ್ಳುವ ಪದ್ಧತಿ ಬಂತು. ಮೊದಲನೆಯ ರಾಷ್ಟ್ರೀಯ ಕಲ್ಲಿದ್ದಲು ವೇತನ ಒಪ್ಪಂದ ಜಾರಿಯಾದದ್ದು 1975ರ ಜನವರಿ 1ರಿಂದ. ಹನ್ನೊಂದನೆಯದಕ್ಕೆ ಸಹಿ ಬಿದ್ದದ್ದು 2023ರ ಮೇ ತಿಂಗಳಲ್ಲಿ. ಕೋಲ್ ಇಂಡಿಯಾ ಮತ್ತು ಸಿಂಗರೇಣಿಯ ಸುಮಾರು 2 ಲಕ್ಷ 81 ಸಾವಿರ ಕಾರ್ಮಿಕರಿಗೆ ಅದು ಸಂಬಂಧಿಸಿದ್ದು. ಮೂಲವೇತನ, ತುಟ್ಟಿಭತ್ಯೆ, ಹಾಜರಿ ಬೋನಸ್ ಮುಂತಾದವನ್ನು ಕೂಡಿಸಿ ಅದರ ಮೇಲೆ ಶೇಕಡಾ 19ರಷ್ಟು ಹೆಚ್ಚಳ. ಲೆಕ್ಕ ಮಾತ್ರ 2021ರ ಜುಲೈ 1ರಿಂದ. ಎಂದರೆ ಸಹಿ ಬೀಳುವ ಹೊತ್ತಿಗೆ ಹೆಚ್ಚೂಕಡಿಮೆ ಎರಡು ವರ್ಷದ ಬಾಕಿ ಕೂಡಿತ್ತು.

ಪತ್ರಿಕೆಯವರು ಇದನ್ನು ‘ಕಾರ್ಮಿಕರಿಗೆ ಭಾರಿ ಬಾಕಿ’ ಎಂದು ಬರೆಯುತ್ತಾರೆ. ಮನೆ ನಡೆಸುವವಳು ಬೇರೆ ಥರ ಓದುತ್ತಾಳೆ. ಇಂದು ಬರಬೇಕಾದ ದುಡ್ಡು ಎರಡು ವರ್ಷ ತಡವಾಗಿ ಬಂದರೆ, ಆ ಎರಡು ವರ್ಷ ಬೇಳೆ, ಎಣ್ಣೆ, ಮಗಳ ಫೀಸು ಹಳೆಯ ಪಗಾರದಲ್ಲೇ ಹೊಂದಿಸಬೇಕು. ಬಾಕಿ ಒಟ್ಟಿಗೆ ಬಂದಾಗ ಅದು ಗಂಡಸರ ಕಣ್ಣಿಗೆ ಮೋಟಾರ್ ಸೈಕಲ್ಲಿನ ಹಾಗೆ ಕಾಣುತ್ತದೆ. ಹೆಂಗಸರ ಕಣ್ಣಿಗೆ ಅದು ಈಗಾಗಲೇ ಖರ್ಚಾಗಿ ಹೋದ ದುಡ್ಡು. ನಗಬೇಡಿರಿ, ನಿಮ್ಮ ಮನೆಯಲ್ಲೂ ‘ಅರಿಯರ್ಸ್’ ಬಂದ ದಿನ ಈ ಜಗಳ ಆಗಿರಲಿಕ್ಕೆ ಸಾಕು.

ಇನ್ನು ಅವ್ವನ ಪ್ರಶ್ನೆ. ಗಣಿಯ ಒಪ್ಪಂದದಲ್ಲಿ ಹೆಣ್ಣಿನದೇನು ಬರೆದಿದೆ?

ಬರೆದಿದೆ, ಇಲ್ಲವೆನ್ನಲಾಗದು. ಗಣಿಯ ಕೆಲಸ ಎಂಥದೆಂದು ನಮಗೆಲ್ಲ ಗೊತ್ತು. 1975ರ ಡಿಸೆಂಬರ್ 27ರಂದು ಧನಬಾದಿನ ಹತ್ತಿರದ ಚಾಸನಾಲಾ ಗಣಿಗೆ ನೀರು ನುಗ್ಗಿ 370ಕ್ಕೂ ಹೆಚ್ಚು ಜನ ಒಳಗೇ ಹೋದರು. ಅಂಥ ಕೆಲಸದಲ್ಲಿ ಪಗಾರದ ಕಲಮಿಗಿಂತ ಹೆಂಡತಿ ಮೊದಲು ಓದಬೇಕಾದದ್ದು ಬೇರೆಯೇ ಕಲಮು. ಕೆಲಸದಲ್ಲಿರುವಾಗ ಕಾರ್ಮಿಕ ಸತ್ತರೆ ಅವನ ಅವಲಂಬಿತರಲ್ಲಿ ಒಬ್ಬರಿಗೆ ಕೆಲಸ ಕೊಡಬೇಕು ಎಂಬ ಕಲಮು ಕಲ್ಲಿದ್ದಲು ಒಪ್ಪಂದಗಳಲ್ಲಿ ಇದೆ. ಅವಲಂಬಿತೆ ಹೆಂಗಸಾದರೆ, ಕೆಲಸದ ಬದಲು ತಿಂಗಳಿಗಿಷ್ಟು ಎಂದು ಹಣ ತೆಗೆದುಕೊಳ್ಳುವ ಆಯ್ಕೆಯೂ ಉಂಟು. ಇದು ದೊಡ್ಡ ಆಸರೆ. ನಮ್ಮ ಎಷ್ಟೋ ಉದ್ಯೋಗಗಳಲ್ಲಿ ಇಷ್ಟೂ ಇಲ್ಲ.

ಆದರೆ ಬರೆದದ್ದರ ಬದಿಯಲ್ಲೇ ಅಳಿಸಿದ್ದೂ ಇದೆ. ಹಿಂದೆ ಝರಿಯಾ, ರಾಣಿಗಂಜದ ಗಣಿಗಳಲ್ಲಿ ಗಂಡ ಇದ್ದಲು ಕಡಿಯುತ್ತಿದ್ದ, ಹೆಂಡತಿ ಅದನ್ನು ಹೊತ್ತು ಸಾಗಿಸುತ್ತಿದ್ದಳು. ಹೆಂಗಸರು ನೆಲದೊಳಗೆ ಇಳಿಯಬಾರದೆಂದು 1929ರಲ್ಲಿ ನಿಯಮ ಬಂತು. ಹತ್ತು ವರ್ಷಗಳಲ್ಲಿ ಅವರನ್ನು ಪೂರ್ತಿ ಹೊರಗೆ ಹಾಕಿದರು. ಯುದ್ಧದಲ್ಲಿ ಇದ್ದಲಿನ ಕೊರತೆಯಾದಾಗ, 1943ರಲ್ಲಿ, ಅದೇ ಹೆಂಗಸರು ಮತ್ತೆ ಬೇಕಾದರು. 1946ರಲ್ಲಿ ಮತ್ತೆ ಬೇಡವಾದರು. ಕತ್ತಲೆಯ ಗುಹೆಯಲ್ಲಿ ಬಸುರಿ ಹೆಂಗಸು ಇದ್ದಲು ಹೊರುವದು ನಿಂತದ್ದು ಒಳ್ಳೆಯದೇ, ಅದನ್ನು ನಾನು ಅಲ್ಲಗಳೆಯುವದಿಲ್ಲ. ಆದರೆ ಮನೆಗೆ ಬರುತ್ತಿದ್ದ ಎರಡು ಕೂಲಿ ಒಂದಾಯಿತಲ್ಲ! 2019ರಲ್ಲಿ ಸರಕಾರ ನಿಯಮ ಸಡಿಲಿಸಿ, ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಕ್ಕೆ ಹೆಂಗಸರು ಹಗಲು ಹೊತ್ತು ನೆಲದೊಳಗೆ ಇಳಿಯಬಹುದೆಂದು ಹೇಳಿತು. ಕಲಿತ ಹುಡುಗಿಯರು ಎಂಜಿನಿಯರಾಗಿ ಇಳಿದಿದ್ದಾರೆ. ಸಂತೋಷ. ಹಾಗೆಯೇ, ಗಣಿಯ ಮೇಲ್ಗಡೆ ಕೆಲಸ ಮಾಡುವ ಹೆಂಗಸರು ತಾವಾಗಿ ನಿವೃತ್ತಿ ತೆಗೆದುಕೊಂಡರೆ ಅವರ ಮಗನಿಗೆ ಕೆಲಸ ಕೊಡುವ ಯೋಜನೆಯೂ ಕೋಲ್ ಇಂಡಿಯಾದಲ್ಲಿ ಬಂದಿತ್ತು. ತಾಯಿಗೆ ಇದಕ್ಕಿಂತ ಸಂತೋಷ ಬೇರೇನಿದೆ ಎಂದು ಯಾರಿಗಾದರೂ ಅನ್ನಿಸೀತು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆಮೇಲೆ ಯೋಚಿಸಿದೆ. ಪಗಾರದ ದಿನ ತನ್ನ ಹೆಸರಿಗೆ ತಾನೇ ಹೆಬ್ಬೆಟ್ಟು ಒತ್ತುತ್ತಿದ್ದವಳು ನಾಳೆಯಿಂದ ಸೊಸೆಯ ಕೈ ನೋಡಬೇಕು. ಮಗಳಿದ್ದರೆ ಆ ಕುರ್ಚಿ ಅವಳಿಗಿಲ್ಲ.

ಇನ್ನೊಂದು ಗುಂಪು ಈ ಕಾಗದದ ಪೂರಾ ಹೊರಗೇ ನಿಂತಿದೆ. ಅವರು ಗುತ್ತಿಗೆಯವರು. ಅದೇ ಗಣಿ, ಅದೇ ಧೂಳು, ಅದೇ ಲಾರಿ, ಪಗಾರ ಮಾತ್ರ ಬೇರೆ. ರಾಷ್ಟ್ರೀಯ ಒಪ್ಪಂದ ಅವರಿಗೆ ಅನ್ವಯಿಸುವದಿಲ್ಲ. ಅವರಿಗೆಂದು ಒಂದು ಉನ್ನತಾಧಿಕಾರ ಸಮಿತಿ ಬೇರೆ ಕೂಲಿ ನಿಗದಿ ಮಾಡಿತು, 2013ರಿಂದ ಅನ್ವಯವಾಗುವಂತೆ. ಆ ಕೂಲಿಯನ್ನು ನಮಗೂ ಕೊಡಿರಿ ಎಂದು ಸಿಂಗರೇಣಿಯ ಗುತ್ತಿಗೆ ಕಾರ್ಮಿಕರು 2022ರ ಸೆಪ್ಟೆಂಬರಿನಲ್ಲಿ ಮುಷ್ಕರ ಹೂಡಬೇಕಾಯಿತು. 2024ರಲ್ಲಿ ದಸರೆಯ ಮುಂದೆ ಕೋಲ್ ಇಂಡಿಯಾದ ಕಾಯಂ ಕಾರ್ಮಿಕನಿಗೆ ಗೊತ್ತುಮಾಡಿದ ಬೋನಸ್ 93,750 ರೂಪಾಯಿ. ಗುತ್ತಿಗೆಯವನ ಮನೆಗೆ ಆ ಲೆಕ್ಕ ಬರುವದಿಲ್ಲ. ಒಂದೇ ಓಣಿಯಲ್ಲಿ ಒಂದು ಮನೆಯಲ್ಲಿ ಹೊಸ ಸೀರೆ, ಬಾಜೂ ಮನೆಯಲ್ಲಿ ಹಳೆಯ ಸೀರೆಗೆ ಇಸ್ತ್ರಿ. ಎರಡೂ ಮನೆಯ ಗಂಡಸರ ಬನಿಯನ್ನು ತೊಳೆದ ನೀರು ಒಂದೇ ಬಣ್ಣ.

ದೂರದವರ ಮಾತೇಕೆ? ನಮ್ಮ ಅಣ್ಣಿಗೇರಿಯ ಹೊಲಗಳಲ್ಲಿ ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಹೆಂಗಸರ ಕೂಲಿಯನ್ನು ಯಾವ ಮೇಜಿನ ಸುತ್ತ ಕೂತು ಗೊತ್ತುಮಾಡುತ್ತಾರೆ? ಮುಂಜಾನೆ ಟಂಟಂ ಹತ್ತುವಾಗ ‘ಇವತ್ತ ಎಷ್ಟ?’ ಎಂದು ಕೇಳುವದೇ ಅವರ ಸಭೆ. ಸಂಪಿನ ಆ ದಿನಗಳಲ್ಲಿ ಗಿರಣಿಯವನ ಹೆಂಡತಿ ಹೋಗಿ ನಿಂತದ್ದು ಇವರ ಸಾಲಿನಲ್ಲೇ. ಗಿರಣಿಯ ಒಪ್ಪಂದ ನಮ್ಮ ಮನೆಯನ್ನು ಆ ಸಾಲಿನಿಂದ ಎತ್ತಿತು. ಅಲ್ಲಿ ಉಳಿದವರನ್ನು ಎತ್ತಲು ಯಾವ ಒಪ್ಪಂದವೂ ಬರಲಿಲ್ಲ.

ಹಾಗೆಂದು ಒಪ್ಪಂದದ ಕಾಗದ ನಿರರ್ಥಕ ಎಂದರೆ ಅದು ತಪ್ಪಾದೀತು. ಕಾಗದವೇ ಇಲ್ಲದೆ ಮುಗಿದ ಮುಷ್ಕರವೂ ಉಂಟು. ಇಂಗ್ಲೆಂಡಿನ ಗಣಿಯವರು 1972ರಲ್ಲಿ ಪಗಾರಕ್ಕಾಗಿ ಮುಷ್ಕರ ಮಾಡಿ ಗೆದ್ದು, ಒಳ್ಳೆಯ ಹೆಚ್ಚಳ ಪಡೆದಿದ್ದರು. ಹನ್ನೆರಡು ವರ್ಷಗಳ ನಂತರ, 1984ರ ಮಾರ್ಚಿನಲ್ಲಿ, ಗಣಿಗಳನ್ನು ಮುಚ್ಚುವದರ ವಿರುದ್ಧ ಮತ್ತೆ ಕೆಲಸ ನಿಲ್ಲಿಸಿದರು. ಈ ಸಲ ಒಂದು ವರ್ಷ. ಆ ವರ್ಷವನ್ನು ದಾಟಿಸಿದವರು ಅಲ್ಲಿಯ ಹೆಂಗಸರು. ಊರೂರಿಗೆ ಸಾಮುದಾಯಿಕ ಅಡಿಗೆಮನೆ ತೆರೆದರು, ದವಸ ಕೂಡಿಸಿ ಪೊಟ್ಟಣ ಕಟ್ಟಿ ಮನೆಮನೆಗೆ ಹಂಚಿದರು, ಲಂಡನ್ನಿನವರೆಗೆ ಮೆರವಣಿಗೆ ಹೋದರು. ಕೊನೆಗೆ 1985ರ ಮಾರ್ಚ್ 5ರಂದು ಗಣಿಯವರು ಕೆಲಸಕ್ಕೆ ಮರಳಿದರು, ಒಂದು ಸಾಲಿನ ಒಪ್ಪಂದವೂ ಇಲ್ಲದೆ. ಹಲವು ಊರುಗಳಲ್ಲಿ ಬ್ಯಾಂಡು ಬಾರಿಸುತ್ತ, ಬಾವುಟ ಹಿಡಿದು, ಹೆಂಡಿರು ಮಕ್ಕಳ ಜೋಡಿ ನಡೆದು ಹೋದರಂತೆ. ಸೋತವರು ಹಾಗೆ ನಡೆಯುವದನ್ನು ನೆನೆದರೆ ನನಗೆ ಇವತ್ತಿಗೂ ಕೊರಳು ತುಂಬುತ್ತದೆ.

ನಮ್ಮ ನಾಡಿನ ಗಣಿ ಎಂದರೆ ಕೋಲಾರದ ಚಿನ್ನದ್ದು. ಅಲ್ಲಿಯೂ 1930ರಲ್ಲಿ ಬೆರಳಚ್ಚು ತೆಗೆದು ಹೆಸರು ನೋಂದಿಸುವದರ ವಿರುದ್ಧ ಕಾರ್ಮಿಕರು ಕೆಲಸ ನಿಲ್ಲಿಸಿದ್ದರು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಜನ ಕಾರ್ಮಿಕರು ಬಲಿಯಾದರು. 2001ರ ಫೆಬ್ರುವರಿ 28ರಂದು ಗಣಿಯೇ ಮುಚ್ಚಿತು. ಮುಚ್ಚಿದ ಮೇಲೆ ಯಾವ ಒಪ್ಪಂದದ ಯಾವ ಕಲಮು ಹಿಡಿದು ಯಾರನ್ನು ಕೇಳುವದು? ಅಲ್ಲಿಯ ಜನ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ, ಹೆಂಗಸರೂ ಸಹ. ನನ್ನಪ್ಪ ಮಾಡುತ್ತಿದ್ದ ಹಾಗೆ.

ನಮ್ಮ ಹಳಿ ಈಗ ಬ್ರಾಡ್‌ಗೇಜು. ಗೋವೆಯ ಮುರಗಾಂವ ಬಂದರಿನಿಂದ ಬಳ್ಳಾರಿಯ ಕಡೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುವ ಕಲ್ಲಿದ್ದಲಿನ ಗಾಡಿಗಳು ಅಣ್ಣಿಗೇರಿಯ ಮೇಲೆಯೇ ಹೋಗುತ್ತವೆ. ಹಡಗಿನಲ್ಲಿ ಆಸ್ಟ್ರೇಲಿಯಾ ಮುಂತಾದ ದೇಶಗಳಿಂದ ಬಂದ ಇದ್ದಲು ಅದು. ಗೇಟು ಬಿದ್ದಾಗ ಸ್ಕೂಟರ್ ನಿಲ್ಲಿಸಿ ನಾನು ಡಬ್ಬಿ ಎಣಿಸುತ್ತ ನಿಲ್ಲುತ್ತೇನೆ. ಇದನ್ನು ಅಗೆದವನ ಮನೆಯ ಹೆಂಗಸು ಯಾವ ಭಾಷೆ ಆಡುತ್ತಾಳೋ, ರೊಟ್ಟಿ ತಿನ್ನುತ್ತಾಳೋ ಬ್ರೆಡ್ಡು ತಿನ್ನುತ್ತಾಳೋ. ಅವನ ಒಪ್ಪಂದದಲ್ಲಿ ಅವಳದೇನು ಬರೆದಿದ್ದಾರೋ.

ಬೋರಮಾಳದ ಮಾತು ಉಳಿಯಿತು. ಮುಂಗಡ ತೀರಿದ ಮೇಲೆ ಅವ್ವ ಅದನ್ನು ಬಿಡಿಸಿ ತಂದಳು. ಬಡ್ಡಿ ಕೂಡಿದ್ದರಿಂದ ಐದು ಗುಂಡು ಮಾರಬೇಕಾಯಿತು. ಆ ಜಾಗಕ್ಕೆ ಐದು ಕೆಂಪು ಮಣಿ ಪೋಣಿಸಿಕೊಂಡಳು. ಅದು ಈಗ ನನ್ನ ಹತ್ತಿರ ಇದೆ. ಮೊನ್ನೆ ಮದುವೆಗೆ ಹೊರಟಾಗ ಮಗಳು ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, ‘ಮಮ್ಮಿ, ಡಿಸೈನ್ ಭಾಳ ಛಂದ ಐತಿ, ನಡುವ ಕೆಂಪು ಮಣಿ ಯಾಕ ಹಾಕ್ಯಾರ?’ ಎಂದು ಕೇಳಿದಳು.

ಮದುವೆಗೆ ಹೊತ್ತಾಗುತ್ತಿತ್ತು. ಆದರೂ ಕೂಡಿಸಿಕೊಂಡು ಎಲ್ಲವನ್ನೂ ಹೇಳಿದೆ.